ಬಿಡುಗಡೆಯ ದಿನ ಆಕೆ ಯಾರ ಮನೆಗೆ ಹೋಗಬೇಕು?

ಮಾದಕ ವ್ಯಸನದ ಕುರಿತು ನಮ್ಮ ಮಸೀದಿಗಳ ಮಿಂಬರ್‌ಗಳಿಂದ ಇತ್ತೀಚೆಗೆ ಎಚ್ಚರಿಕೆಯ ಮಾತುಗಳು ಆಗಾಗ ಕೇಳಿಬರುತ್ತಿವೆ. ಜುಮಾ ಖುತ್ಬಾಗಳಲ್ಲಿ, ಸೀರತ್ ಸಮಾವೇಶಗಳಲ್ಲಿ, ಶಾಲಾ ಮಕ್ಕಳ ಜಾಥಾಗಳಲ್ಲಿ ಗಾಂಜಾ, ಮಾತ್ರೆ, ಮದ್ಯಗಳ ಕೆಡುಕನ್ನು ವಿವರಿಸಲಾಗುತ್ತಿದೆ. ಇದು ಸ್ವಾಗತಾರ್ಹ. ಆದರೆ ಈ ಪ್ರವಚನ, ಕರಪತ್ರ, ಮೆರವಣಿಗೆಗಳೆಲ್ಲವೂ ಕಣ್ಣಮುಂದೆ ಇಟ್ಟುಕೊಂಡಿರುವುದು ಒಬ್ಬ ಯುವಕನನ್ನು. ಕೆಟ್ಟ ಗೆಳೆಯರ ಸಹವಾಸ, ಬೈಕು, ರಾತ್ರಿಯ ತಿರುಗಾಟ, ಕಣ್ಣೀರಿಡುವ ತಾಯಿ, ಇಷ್ಟರಲ್ಲಿಯೇ ನಮ್ಮ ಚಿತ್ರ ಮುಗಿದುಹೋಗುತ್ತದೆ. ಆ ತಾಯಿಯೇ, ಅಥವಾ ಆ ಯುವಕನ ಅಕ್ಕನೋ ಹೆಂಡತಿಯೋ ವ್ಯಸನಕ್ಕೆ ಬಿದ್ದಿರಬಹುದೆಂಬುದನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಅಂಥ ಹೆಣ್ಣು ಪೊಲೀಸರ ವಶಕ್ಕೆ ಹೋಗಿ ಜೈಲನ್ನು ಕಂಡು ಬಂದರಂತೂ ಆಕೆಯ ಹೆಸರನ್ನೇ ಮೊಹಲ್ಲಾ ಮರೆತುಬಿಡುತ್ತದೆ.

ಇಂಥವರ ಸಂಖ್ಯೆ ಕಡಿಮೆ ಎಂಬುದು ನಿಜ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆಯ ತಜ್ಞರು ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯ ಸೇವಿಸುವ ಗಂಡಸರ ಪ್ರಮಾಣ ಶೇ. 27.3 ಇದ್ದರೆ ಹೆಂಗಸರ ಪ್ರಮಾಣ ಶೇ. 1.6. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ರ ಕೊನೆಗೆ ಲೆಕ್ಕ ಹಾಕಿದಾಗ ದೇಶದ ಜೈಲುಗಳಲ್ಲಿ ಇದ್ದ 5,73,220 ಮಂದಿಯಲ್ಲಿ ಹೆಂಗಸರು 23,772, ಅಂದರೆ ನೂರಕ್ಕೆ ನಾಲ್ವರು. ಈ ಸಂಖ್ಯೆ ಚಿಕ್ಕದಾಗಿರುವುದೇ ಆ ಹೆಂಗಸರ ಪಾಲಿಗೆ ಮುಳುವಾಗಿದೆ. ಚಿಕಿತ್ಸಾ ಕೇಂದ್ರಗಳನ್ನು ಕಟ್ಟಿದ್ದು ಗಂಡಸರಿಗಾಗಿ, ಜೈಲುಗಳನ್ನು ಕಟ್ಟಿದ್ದು ಗಂಡಸರಿಗಾಗಿ, ಬಿಡುಗಡೆಯಾದವರನ್ನು ಕರೆತರುವ ರೂಢಿ ಬೆಳೆದದ್ದೂ ಗಂಡಸರಿಗಾಗಿ. ಅದೇ ಗಣತಿಯಲ್ಲಿ 1,537 ಹೆಂಗಸರು ತಮ್ಮ 1,764 ಮಕ್ಕಳನ್ನು ಜೊತೆಯಲ್ಲಿಟ್ಟುಕೊಂಡೇ ಜೈಲಿನಲ್ಲಿ ಇದ್ದರೆಂಬ ಲೆಕ್ಕವೂ ಇದೆ. ಹಾಗಾಗಿ ಒಬ್ಬ ಹೆಣ್ಣು ಜೈಲಿಗೆ ಹೋದಾಗ ಅನೇಕ ವೇಳೆ ಒಂದು ಮನೆಯೇ ಆಕೆಯ ಹಿಂದೆ ಹೋಗುತ್ತದೆ.

ಅರಸೀಕೆರೆ, ಬೇಲೂರು, ಹಳೇಬೀಡುಗಳ ನಮ್ಮ ಜಮಾಅತ್‌ಗಳ ಮುಂದೆ ಒಂದು ಮಾತನ್ನು ಇಡುವುದು ಈ ಲೇಖನದ ಉದ್ದೇಶ. ವ್ಯಸನಿಯಾದ ಹೆಣ್ಣಿಗೆ ಶಿಕ್ಷೆ ಕೊಡಲು ನ್ಯಾಯಾಲಯವಿದೆ, ದೇಹಕ್ಕೆ ಮದ್ದು ಕೊಡಲು ಆಸ್ಪತ್ರೆಯಿದೆ. ಆದರೆ ಆಕೆ ಬಿಡುಗಡೆಯಾಗಿ ಬರುವ ದಿನ ಎದುರುಗೊಳ್ಳುವ ಕೆಲಸವನ್ನು ನೆರೆಹೊರೆಯವರಲ್ಲದೆ ಬೇರೆ ಯಾರೂ ಮಾಡಲಾರರು. ಆ ಕೆಲಸ ಮಸೀದಿ ಸಮಿತಿಗಳ ಹೊಣೆಯೆಂದು ನಾವು ಒಪ್ಪಿಕೊಳ್ಳಬೇಕು.

ಪಾಪಿಯನ್ನು ಶಪಿಸುವ ಅಧಿಕಾರ ಯಾರಿಗಿದೆ?

ಅಮಲು ಪದಾರ್ಥ ಹರಾಮ್ ಎಂಬುದರಲ್ಲಿ ಮುಸ್ಲಿಮರಿಗೆ ಸಂಶಯವಿಲ್ಲ. ಆದರೆ ಆ ನಿಷೇಧ ಬಂದ ರೀತಿಯನ್ನೂ ಗಮನಿಸಬೇಕು. ಮದ್ಯದಲ್ಲಿ ಲಾಭಕ್ಕಿಂತ ಕೆಡುಕು ಹೆಚ್ಚೆಂಬ ತಿಳಿವಳಿಕೆ ಮೊದಲು ಬಂತು. ಅಮಲಿನಲ್ಲಿ ನಮಾಝಿಗೆ ಹತ್ತಿರವಾಗಬಾರದೆಂಬ ಆಜ್ಞೆ ಆಮೇಲೆ ಬಂತು. ಪೂರ್ಣ ನಿಷೇಧ ಕೊನೆಯಲ್ಲಿ ಬಂತು. ತಲೆಮಾರುಗಳಿಂದ ಕುಡಿತಕ್ಕೆ ಒಗ್ಗಿಕೊಂಡಿದ್ದ ಸಮಾಜವನ್ನು ಅಲ್ಲಾಹನು ಹಂತಹಂತವಾಗಿ ಅದರಿಂದ ಬಿಡಿಸಿದನು. ಚಟವೆಂಬುದು ಮನುಷ್ಯನ ದೇಹವನ್ನೂ ಮನಸ್ಸನ್ನೂ ಹೇಗೆ ಹಿಡಿದಿರುತ್ತದೆ ಎಂಬ ಅರಿವು ಈ ಕ್ರಮದಲ್ಲಿಯೇ ಅಡಗಿದೆ.

ಪ್ರವಾದಿ ಮುಹಮ್ಮದ್(ಸ)ರ ಕಾಲದಲ್ಲಿ ಅಬ್ದುಲ್ಲಾ ಎಂಬ ಒಬ್ಬ ವ್ಯಕ್ತಿಯಿದ್ದರು. ತಮಾಷೆಯ ಮಾತುಗಳಿಂದ ಪ್ರವಾದಿ(ಸ)ರನ್ನು ನಗಿಸುತ್ತಿದ್ದವರು. ಕುಡಿತ ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಮತ್ತೆ ಮತ್ತೆ ಸಿಕ್ಕಿಬಿದ್ದು ಶಿಕ್ಷೆ ಅನುಭವಿಸುತ್ತಿದ್ದರು. ಒಮ್ಮೆ ಶಿಕ್ಷೆಯಾದ ಬಳಿಕ ಅಲ್ಲಿದ್ದ ಒಬ್ಬರು ಅವರನ್ನು ಶಪಿಸಿದಾಗ ಪ್ರವಾದಿ(ಸ)ರು ತಡೆದರು. ಆತ ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುವವನೆಂದು ಸಾಕ್ಷ್ಯ ನುಡಿದರು. ಸಹೀಹ್ ಬುಖಾರಿಯಲ್ಲಿ ಬರುವ ಈ ಘಟನೆ ನಮ್ಮ ಖತೀಬರಿಗೆ ಅಪರಿಚಿತವೇನಲ್ಲ. ಇಂಥದೇ ಮತ್ತೊಂದು ವರದಿಯಲ್ಲಿ, ಶಪಿಸುವುದೆಂದರೆ ನಿಮ್ಮ ಸಹೋದರನ ವಿರುದ್ಧ ಸೈತಾನನಿಗೆ ನೆರವಾಗುವುದೆಂಬ ಅರ್ಥದ ಎಚ್ಚರಿಕೆ ಇದೆ.

ಇಲ್ಲಿ ಎರಡು ಸಂಗತಿಗಳು ಒಟ್ಟಿಗೆ ಇವೆ. ಶಿಕ್ಷೆ ರದ್ದಾಗಲಿಲ್ಲ, ಅಪರಾಧವನ್ನು ಯಾರೂ ಸಮರ್ಥಿಸಲಿಲ್ಲ. ಆದರೆ ಶಿಕ್ಷೆ ಮುಗಿದ ಮೇಲೆ ಆ ಮನುಷ್ಯನನ್ನು ಸಮುದಾಯದಿಂದ ಹೊರಗೆ ತಳ್ಳುವ ಅವಕಾಶವನ್ನೂ ಯಾರಿಗೂ ಕೊಡಲಿಲ್ಲ. ಒಂದಲ್ಲ ಹಲವು ಬಾರಿ ಎಡವಿದವರ ವಿಷಯದಲ್ಲೇ ಈ ನಿಲುವಾಗಿತ್ತೆಂಬುದನ್ನು ನೆನಪಿಡಬೇಕು. ಚಿಕಿತ್ಸೆ ಪಡೆದ ವ್ಯಸನಿಗಳಲ್ಲಿ ಅನೇಕರು ಒಂದೆರಡು ಬಾರಿಯಾದರೂ ಮತ್ತೆ ಚಟಕ್ಕೆ ಜಾರುತ್ತಾರೆಂದು ವೈದ್ಯರು ಇಂದು ಹೇಳುತ್ತಾರೆ. ಅದು ಚಿಕಿತ್ಸೆಯ ಸೋಲಲ್ಲ, ಕಾಯಿಲೆಯ ಸ್ವಭಾವ. ಮೊದಲ ಜಾರಿಕೆಯಲ್ಲೇ ಬಾಗಿಲು ಮುಚ್ಚುವ ನಮ್ಮ ಅಭ್ಯಾಸಕ್ಕೆ ವೈದ್ಯಶಾಸ್ತ್ರದ ಬೆಂಬಲವೂ ಇಲ್ಲ, ಸುನ್ನತ್‌ನ ಬೆಂಬಲವೂ ಇಲ್ಲ.

ಕಾನೂನು ತೆರೆದಿಟ್ಟ ಬಾಗಿಲುಗಳು

ವ್ಯಸನಿಗೆ ಜೈಲೊಂದೇ ಗತಿಯೆಂದು ನಮ್ಮ ಕಾನೂನು ಹೇಳುವುದಿಲ್ಲ. ಮಾದಕ ದ್ರವ್ಯಗಳ ವಿಷಯದಲ್ಲಿ ಬಹಳ ಕಠಿಣವೆಂದು ಹೆಸರಾದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿಯೇ ಎರಡು ಬಾಗಿಲುಗಳಿವೆ. 39ನೇ ಸೆಕ್ಷನ್ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧ ರುಜುವಾತಾದ ವ್ಯಸನಿಯನ್ನು ನ್ಯಾಯಾಲಯವು ಕೂಡಲೇ ಸೆರೆವಾಸಕ್ಕೆ ಕಳುಹಿಸುವ ಬದಲು, ಆಕೆಯ ಒಪ್ಪಿಗೆ ಪಡೆದು, ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಬಿಡುಗಡೆ ಮಾಡಬಹುದು. ಒಂದು ವರ್ಷದೊಳಗೆ ಚಿಕಿತ್ಸೆಯ ವರದಿಯನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕು. ವರದಿ ತೃಪ್ತಿಕರವಾಗಿದ್ದರೆ ಗರಿಷ್ಠ ಮೂರು ವರ್ಷಗಳ ಸನ್ನಡತೆಯ ಮುಚ್ಚಳಿಕೆಯ ಮೇಲೆ ಆಕೆಯನ್ನು ಬಿಟ್ಟುಬಿಡಬಹುದು. 64ಎ ಸೆಕ್ಷನ್ ಇನ್ನೊಂದು ಬಾಗಿಲು. ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿಯೇ ಇಂಥ ಚಿಕಿತ್ಸೆಗೆ ಒಳಪಟ್ಟು ಅದನ್ನು ಪೂರ್ಣಗೊಳಿಸಿದರೆ ವಿಚಾರಣೆಯಿಂದಲೇ ವಿನಾಯಿತಿ ಪಡೆಯಬಹುದು. ನಡುವೆ ಬಿಟ್ಟುಹೋದರೆ ಆ ವಿನಾಯಿತಿಯನ್ನು ಹಿಂಪಡೆಯಬಹುದು. ಗಾಂಜಾದ ಮಟ್ಟಿಗೆ ಅಲ್ಪ ಪ್ರಮಾಣವೆಂದರೆ ಒಂದು ಕಿಲೋವರೆಗೆ, ಹೆರಾಯಿನ್‌ಗೆ 5 ಗ್ರಾಂವರೆಗೆ.

ಮದ್ಯದ ಚಟದಿಂದ ಸಣ್ಣ ಕಳ್ಳತನ, ಜಗಳಗಳಲ್ಲಿ ಸಿಕ್ಕಿಬಿದ್ದವರಿಗೆ ಈ ಸೆಕ್ಷನ್‌ಗಳು ಅನ್ವಯಿಸವು. ಅಂಥವರಿಗೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಿದೆ. ಅದರ 4ನೇ ಸೆಕ್ಷನ್ ಪ್ರಕಾರ ನ್ಯಾಯಾಧೀಶರು ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಬಿಡುಗಡೆ ಮಾಡುತ್ತ, ಎಲ್ಲಿ ವಾಸವಿರಬೇಕು, ಅಮಲು ಪದಾರ್ಥದಿಂದ ದೂರವಿರಬೇಕು ಎಂಬ ಷರತ್ತುಗಳನ್ನು ಹಾಕಬಹುದು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯು ಮದ್ಯ ಮತ್ತು ಮಾದಕ ದ್ರವ್ಯಗಳ ದುರ್ಬಳಕೆಯಿಂದ ಉಂಟಾದ ಸ್ಥಿತಿಯನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಕೇಂದ್ರ ಇರಬೇಕೆಂದು ವಿಧಿಸಿದೆ.

ಇಷ್ಟೆಲ್ಲ ಬಾಗಿಲುಗಳಿದ್ದರೂ ಅವುಗಳನ್ನು ತಟ್ಟಲು ಹೊರಗಿನ ಒಬ್ಬರು ಬೇಕು. ಅರ್ಜಿ ಹಾಕುವ ವಕೀಲರು, ಹಾಸಿಗೆ ಹುಡುಕುವ ಬಂಧು, ಜಾಮೀನಿಗೆ ಸಹಿ ಹಾಕುವ ನೆರೆಯವ, ಬಿಡುಗಡೆಯಾದರೆ ಈ ವಿಳಾಸದಲ್ಲಿ ಇರುತ್ತಾಳೆಂದು ಹೇಳಬಲ್ಲ ಒಂದು ಮನೆ, ಇವು ಯಾವುವೂ ಇಲ್ಲದ ಹೆಣ್ಣಿಗೆ ಕಾನೂನಿನ ಕರುಣೆ ಪುಸ್ತಕದಲ್ಲೇ ಉಳಿಯುತ್ತದೆ. ಗಂಡ ಜೈಲಿಗೆ ಹೋದರೆ ಹೆಂಡತಿ ಬುರ್ಖಾ ತೊಟ್ಟು ನ್ಯಾಯಾಲಯದ ಮೆಟ್ಟಿಲಲ್ಲಿ ದಿನವಿಡೀ ಕಾಯುತ್ತಾಳೆ. ಹೆಂಡತಿ ಜೈಲಿಗೆ ಹೋದಾಗ ಹಾಗೆ ಕಾಯುವ ಗಂಡಂದಿರು ಎಷ್ಟು ಮಂದಿ?

ಹಣದ ವಿಷಯದಲ್ಲೂ ಒಂದು ಬಿರುಕಿದೆ. ಜಾಮೀನು ಸಿಕ್ಕರೂ ಹಣ ಕಟ್ಟಲಾಗದೆ ಜೈಲಿನಲ್ಲೇ ಉಳಿಯುವ ಬಡವರಿಗಾಗಿ ಕೇಂದ್ರ ಗೃಹ ಸಚಿವಾಲಯ 2023ರಲ್ಲಿ ಒಂದು ಯೋಜನೆ ತಂದಿತು. ಜಾಮೀನಿನ ಹಣವನ್ನೂ, ದಂಡ ಕಟ್ಟಲಾಗದ ಶಿಕ್ಷಿತರ ದಂಡವನ್ನೂ ಒಂದು ಮಿತಿಯವರೆಗೆ ಸರ್ಕಾರವೇ ಭರಿಸುವ ಒಳ್ಳೆಯ ಯೋಜನೆ ಇದು. ಆದರೆ ಎನ್‌ಡಿಪಿಎಸ್ ಪ್ರಕರಣದ ಆರೋಪಿಗಳನ್ನು ಜಾಮೀನು ನೆರವಿನಿಂದ ಹೊರಗಿಟ್ಟಿದೆ. ಗಂಡನೋ ಮಗನೋ ತಂದಿಟ್ಟ ಪೊಟ್ಟಣ ಮನೆಯಲ್ಲಿ ಸಿಕ್ಕಿ ಆರೋಪಿಯಾದ ಬಡ ಹೆಣ್ಣಿಗೂ ಈ ನೆರವು ದಕ್ಕುವುದಿಲ್ಲ. ಸರ್ಕಾರದ ಕೈ ನಿಲ್ಲುವ ಈ ಜಾಗದಲ್ಲಿ ನಮ್ಮ ಬೈತುಲ್ ಮಾಲ್‌ನ ಕೈ ಚಾಚಬೇಕು.

ವಸತಿ ಚಿಕಿತ್ಸೆ ಎಂದರೇನು?

ನಾಲ್ಕು ದಿನ ಕೋಣೆಯಲ್ಲಿ ಕೂಡಿಹಾಕಿದರೆ ಚಟ ಬಿಡುತ್ತದೆಂಬ ನಂಬಿಕೆ ಇನ್ನೂ ಅನೇಕ ಮನೆಗಳಲ್ಲಿದೆ. ಇದು ಪ್ರಾಣಕ್ಕೇ ಅಪಾಯ. ವರ್ಷಗಟ್ಟಲೆ ವಿಪರೀತ ಕುಡಿದವರು, ನಿದ್ದೆಮಾತ್ರೆಗಳಿಗೆ ಒಗ್ಗಿದವರು ಅದನ್ನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು. ಪೊಲೀಸ್ ಠಾಣೆಯ ಲಾಕಪ್‌ನಲ್ಲಿ ನಡುಗುತ್ತ, ಅಸಂಬದ್ಧವಾಗಿ ಮಾತಾಡುತ್ತ ಕುಳಿತ ಹೆಂಗಸು ನಾಟಕವಾಡುತ್ತಿದ್ದಾಳೆಂದು ಭಾವಿಸಬಾರದು. ಬಂಧಿತರನ್ನು ವೈದ್ಯರಿಂದ ಪರೀಕ್ಷೆ ಮಾಡಿಸಬೇಕೆಂಬುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 53ನೇ ಸೆಕ್ಷನ್‌ನ ಕಟ್ಟಳೆ. ಆಕೆಯ ಚಟದ ವಿವರವನ್ನು ಆ ಹೊತ್ತಿನಲ್ಲೇ ವೈದ್ಯರಿಗೆ ತಿಳಿಸುವುದು ಮನೆಯವರ ಕರ್ತವ್ಯ. ಮಾನ ಹೋಗುತ್ತದೆಂದು ಮುಚ್ಚಿಟ್ಟರೆ ಜೀವವೇ ಹೋದೀತು.

ವಸತಿ ಚಿಕಿತ್ಸೆಯ ಮೊದಲ ಘಟ್ಟ ಹೀಗೆ ವೈದ್ಯರ ಕಣ್ಗಾವಲಿನಲ್ಲಿ ದೇಹವನ್ನು ಅಮಲಿನಿಂದ ಬಿಡಿಸುವುದು. ಅದಕ್ಕೆ ವಾರದಿಂದ ಎರಡು ವಾರ ಬೇಕಾಗುತ್ತದೆ. ನಿಜವಾದ ಕೆಲಸ ಆಮೇಲಿನದು. ಚಟಕ್ಕೆ ಎಳೆಯುವ ಸಂದರ್ಭಗಳನ್ನು ಗುರುತಿಸುವುದು, ಆಪ್ತ ಸಮಾಲೋಚನೆ, ಹಗಲಿಡೀ ಒಂದು ದಿನಚರಿ, ಮನೆಯವರೊಂದಿಗೆ ಮಾತುಕತೆ, ಖಿನ್ನತೆಯಂಥ ಜೊತೆ ಕಾಯಿಲೆಗಳಿಗೆ ಔಷಧಿ, ಇವೆಲ್ಲ ಸೇರಿ ತಿಂಗಳುಗಳೇ ಹಿಡಿಯಬಹುದು. ಹೆಣ್ಣಿನ ವಿಷಯದಲ್ಲಿ ಇನ್ನೂ ಕೆಲವು ಸಂಗತಿಗಳು ಸೇರುತ್ತವೆ. ಹೆಂಗಸರ ದೇಹಕ್ಕೆ ಮದ್ಯ ಗಂಡಸರಿಗಿಂತ ಬೇಗ ಹಾನಿ ಮಾಡುತ್ತದೆ. ಅನೇಕರ ವ್ಯಸನದ ಹಿಂದೆ ಹೊಡೆತ, ಅತ್ಯಾಚಾರ, ಮಗುವಿನ ಸಾವು, ತಲಾಕ್‌ನಂಥ ನೋವುಗಳಿರುತ್ತವೆ. ಕೆಲವರಿಗೆ ಚಟ ಶುರುವಾಗುವುದೇ ಮೈಕೈ ನೋವಿಗೆ, ನಿದ್ದೆಗೆಂದು ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ಮಾತ್ರೆಗಳಿಂದ. ಮಕ್ಕಳನ್ನು ನೋಡಿಕೊಳ್ಳುವವರಿಲ್ಲದ ಕಾರಣ ದಾಖಲಾಗಲು ಒಪ್ಪದವರೂ ಇದ್ದಾರೆ.

ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ಹೆಂಗಸರನ್ನು ಒಳರೋಗಿಗಳಾಗಿ ಸೇರಿಸಿಕೊಳ್ಳುವ ವ್ಯವಸ್ಥೆಯಿದೆ. ಆದರೆ ದೇಶದಲ್ಲಿ ಹೆಂಗಸರಿಗೆಂದೇ ಮೀಸಲಾದ ವಸತಿ ಕೇಂದ್ರಗಳು ಬಹಳ ವಿರಳ. ಮೇಲೆ ಹೇಳಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಯಲ್ಲಿ ಉಳಿದು ಪಡೆಯುವ ಚಿಕಿತ್ಸೆ ಸಿಗುವುದು 180 ಮಂದಿಯಲ್ಲಿ ಒಬ್ಬರಿಗೆ. ಇನ್ನು ಜೈಲಿನೊಳಗಿನ ಸ್ಥಿತಿ. ನಿಮ್ಹಾನ್ಸ್ ತಜ್ಞರು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಐದು ಸಾವಿರಕ್ಕೂ ಹೆಚ್ಚು ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ಹೊರತಂದ ವರದಿಯು, ಅವರಲ್ಲಿ ಶೇ. 79.6ರಷ್ಟು ಮಂದಿಗೆ ಮಾನಸಿಕ ಕಾಯಿಲೆಯೋ ಮಾದಕ ವಸ್ತುಗಳ ಬಳಕೆಯೋ ಇದೆಯೆಂದು ಕಂಡುಕೊಂಡಿತು. ಜೈಲಿನ ಗೋಡೆಯೊಳಗೆ ಇರುವವರಲ್ಲಿ ಹೆಚ್ಚಿನವರು ಚಿಕಿತ್ಸೆ ಬೇಕಾದವರೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು.

ಅತಿ ಅಪಾಯದ ಎರಡು ವಾರ

ಜೈಲಿನಲ್ಲೋ ಚಿಕಿತ್ಸಾ ಕೇಂದ್ರದಲ್ಲೋ ಇದ್ದಷ್ಟು ದಿನ ದೇಹ ಅಮಲನ್ನು ತಾಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹೊರಬಂದವರು ಹಿಂದಿನ ಅಳತೆಯಲ್ಲೇ ಮತ್ತೆ ಸೇವಿಸಿದರೆ ಉಸಿರು ನಿಲ್ಲಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ ಮೂವತ್ತು ಸಾವಿರಕ್ಕೂ ಹೆಚ್ಚು ಬಂದಿಗಳ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಿಡುಗಡೆಯ ಮೊದಲ ಎರಡು ವಾರಗಳಲ್ಲಿ ಅವರ ಸಾವಿನ ಅಪಾಯ ಇತರ ಜನರಿಗಿಂತ ಸುಮಾರು ಹನ್ನೆರಡು ಪಟ್ಟಿಗೂ ಹೆಚ್ಚೆಂದು ತೋರಿಸಿತು. ಆ ಸಾವುಗಳಿಗೆ ಮುಖ್ಯ ಕಾರಣ ಮಾದಕ ದ್ರವ್ಯದ ಅತಿಸೇವನೆ. ಅಲ್ಲಿನ ದ್ರವ್ಯಗಳು ಬೇರೆ, ಸಮಾಜ ಬೇರೆ. ಆದರೆ ದೇಹದ ನಿಯಮ ಎಲ್ಲೆಡೆ ಒಂದೇ.

ಈ ಎರಡು ವಾರಗಳನ್ನು ನಮ್ಮ ಹೆಣ್ಣೊಬ್ಬಳು ಹೇಗೆ ಕಳೆಯುತ್ತಾಳೆಂದು ಯೋಚಿಸೋಣ. ಹಾಸನದಿಂದಲೋ ಬೇರೆ ಜಿಲ್ಲೆಯ ಜೈಲಿನಿಂದಲೋ ಹೊರಬಂದ ಆಕೆ ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿಯುತ್ತಾಳೆ, ಅಥವಾ ಬೇಲೂರಿನ ಬಸ್ ನಿಲ್ದಾಣದಲ್ಲಿ. ಗಂಡ ಬೇರೆ ಸಂಸಾರ ಹೂಡಿರಬಹುದು. ತವರಿನಲ್ಲಿ ತಂಗಿಯ ಮದುವೆಯ ಮಾತು ನಡೆಯುತ್ತಿದ್ದರೆ ಅಣ್ಣ ಬಾಗಿಲಲ್ಲೇ ತಡೆಯುತ್ತಾನೆ. ಬಾಡಿಗೆಗೆ ಮನೆ ಕೊಡುವವರಿಲ್ಲ. ಕೊಬ್ಬರಿ ಮಂಡಿಯಲ್ಲೋ ಕಾಫಿ ತೋಟದಲ್ಲೋ ಕೂಲಿ ಕೇಳಿದರೆ ಹಳೆಯ ಸುದ್ದಿ ಆಕೆಗಿಂತ ಮೊದಲೇ ಅಲ್ಲಿಗೆ ತಲುಪಿರುತ್ತದೆ. ಆಗ ಪ್ರಶ್ನೆ ಕೇಳದೆ ಬಾಗಿಲು ತೆರೆಯುವವರು ಯಾರು? ಯಾರ ಸಹವಾಸದಿಂದ ಆಕೆ ಚಟಕ್ಕೆ ಬಿದ್ದಳೋ ಅವರೇ. ನಾವು ಮುಚ್ಚಿದ ಪ್ರತಿಯೊಂದು ಬಾಗಿಲೂ ಆಕೆಯನ್ನು ಆ ಒಂದು ತೆರೆದ ಬಾಗಿಲಿನತ್ತ ತಳ್ಳುತ್ತದೆ.

ಹಾತಿಮ್ ತಾಯಿಯ ಮಗಳಿಗೆ ಸಿಕ್ಕ ಬಿಡುಗಡೆ

ಹಿಜ್ರಿ ಒಂಬತ್ತನೇ ವರ್ಷ ತಯ್ಯ್ ಬುಡಕಟ್ಟಿನಿಂದ ಮದೀನಾಕ್ಕೆ ತಂದ ಸೆರೆಯಾಳುಗಳಲ್ಲಿ ಸಫಾನಾ ಎಂಬ ಹೆಣ್ಣುಮಗಳಿದ್ದರು. ಉದಾರತೆಗೆ ಹೆಸರಾದ ಹಾತಿಮ್ ತಾಯಿಯ ಪುತ್ರಿ. ಮಸೀದಿಯ ಬಾಗಿಲ ಬಳಿಯ ಆವರಣದಲ್ಲಿ ಅವರನ್ನು ಇರಿಸಲಾಗಿತ್ತು. ಪ್ರವಾದಿ(ಸ)ರು ಆ ದಾರಿಯಲ್ಲಿ ಬಂದಾಗ ಆಕೆ ಎದ್ದುನಿಂತು, ತಂದೆ ತೀರಿಹೋದರು, ಆಸರೆಯಾಗಬೇಕಾದವರು ದೂರವಾದರು, ತನ್ನ ಮೇಲೆ ಔದಾರ್ಯ ತೋರಬೇಕೆಂದು ಕೇಳಿಕೊಂಡರು. ಮೂರನೆಯ ದಿನ ಬಿಡುಗಡೆ ದೊರೆಯಿತು. ಆದರೆ ಬಿಡುಗಡೆಯ ಮಾತಿನೊಡನೆ ಪ್ರವಾದಿ(ಸ)ರು ಮತ್ತೊಂದು ಮಾತನ್ನೂ ಸೇರಿಸಿದರು. ಹೊರಡಲು ಅವಸರ ಬೇಡ, ನಿನ್ನವರಲ್ಲಿ ನಂಬಿಕೆಗೆ ಅರ್ಹರಾದವರು ಸಿಗುವವರೆಗೆ ಇಲ್ಲಿಯೇ ಇರು ಎಂಬುದು ಅದರ ಸಾರ. ಅಂಥವರು ಸಿಕ್ಕ ಮೇಲೆ ಆಕೆಗೆ ಬಟ್ಟೆ, ಸವಾರಿಗೆ ವಾಹನ, ದಾರಿಖರ್ಚಿಗೆ ಹಣ ಕೊಟ್ಟು ಕಳುಹಿಸಿದರು. ಆಕೆ ಸಿರಿಯಾದಲ್ಲಿದ್ದ ಸಹೋದರ ಅದೀ ಅವರನ್ನು ಸೇರಿದರು. ಅದೀ ಮುಂದೆ ಮದೀನಾಕ್ಕೆ ಬಂದು ಇಸ್ಲಾಮ್ ಸ್ವೀಕರಿಸಿದರು.

ಸಫಾನಾ ಯುದ್ಧಸೆರೆಯಾಳು, ಅಪರಾಧಿಯಲ್ಲ ಎಂಬ ವ್ಯತ್ಯಾಸ ಸ್ಪಷ್ಟ. ಆದರೂ ಒಬ್ಬ ಹೆಣ್ಣನ್ನು ಬಂಧನದಿಂದ ಬಿಡುವುದೆಂದರೇನು ಎಂಬುದರ ಪೂರ್ಣ ಪಾಠ ಇಲ್ಲಿದೆ. ಬೀಗ ತೆಗೆಯುವುದು ಅದರ ಮೊದಲ ಭಾಗ ಮಾತ್ರ. ಸುರಕ್ಷಿತ ಜೊತೆ, ಮೈಮುಚ್ಚುವ ಬಟ್ಟೆ, ಪ್ರಯಾಣದ ಏರ್ಪಾಡು, ಕೈಯಲ್ಲಿ ಹಣ, ತಲುಪಬೇಕಾದ ಮನೆ, ಇವೆಲ್ಲ ಸಿದ್ಧವಾಗುವವರೆಗೆ ಉಳಿಯಲು ಒಂದು ಜಾಗ, ಇಷ್ಟೂ ಸೇರಿ ಬಿಡುಗಡೆ. ಇಂದಿನ ಜೈಲು ಇಲಾಖೆಯ ಭಾಷೆಯಲ್ಲಿ ಇದಕ್ಕೆ ಪುನರ್ವಸತಿ ಎನ್ನುತ್ತಾರೆ. ಅದು ನಮಗೆ ಹೊಸದೇನೂ ಅಲ್ಲ.

ನಮ್ಮ ಮೂರು ಊರುಗಳಲ್ಲಿ ಮಾಡಬಹುದಾದದ್ದು

ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಅರಸೀಕೆರೆಗೆ ಆ ಹೆಸರು ಬಂತೆಂದು ಊರವರು ಹೇಳುತ್ತಾರೆ. ಬೇಲೂರು, ಹಳೇಬೀಡುಗಳ ಹೊಯ್ಸಳ ಶಿಲ್ಪಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಜಿಲ್ಲೆಯ ಎಲ್ಲ ಸಮುದಾಯಗಳೂ ಹೆಮ್ಮೆಪಟ್ಟವು. ಇವು ದೊಡ್ಡ ನಗರಗಳಲ್ಲ. ಯಾರ ಮನೆಯ ಹೆಣ್ಣು ಎಲ್ಲಿಗೆ ಹೋದಳೆಂಬುದು ಎಲ್ಲರಿಗೂ ತಿಳಿಯುತ್ತದೆ. ಈ ಪರಿಚಯವೇ ಇಂದು ಅವಳಿಗೆ ಶಿಕ್ಷೆಯಾಗಿದೆ. ನಾವು ಮನಸ್ಸು ಮಾಡಿದರೆ ಅದೇ ಆಸರೆಯೂ ಆಗಬಲ್ಲದು.

ಮೊದಲನೆಯದಾಗಿ, ಪ್ರತಿ ಊರಿನಲ್ಲಿ ಮೂರು ನಾಲ್ಕು ಮಂದಿ ಹೆಂಗಸರ ಒಂದು ಚಿಕ್ಕ ತಂಡ ಬೇಕು. ಆಶಾ ಕಾರ್ಯಕರ್ತೆ, ನಿವೃತ್ತ ಶಿಕ್ಷಕಿ, ಮದ್ರಸಾದ ಆಲಿಮಾ, ಹೀಗೆ ಗುಟ್ಟು ಕಾಪಾಡಬಲ್ಲವರು. ಮಸೀದಿ ಸಮಿತಿ ಹಣ ಮತ್ತು ಬೆಂಬಲ ಕೊಡಲಿ. ಆಕೆಯ ಮನೆಗೆ ಹೋಗುವವರು, ಜೈಲಿಗೆ ಭೇಟಿ ಕೊಡುವವರು ಹೆಂಗಸರೇ ಆಗಿರಲಿ. ಪ್ರಕರಣದ ವಿವರ ಸಮಿತಿಯ ಸಭೆಯಲ್ಲಿ ಚರ್ಚೆಗೆ ಬರಬಾರದು, ಖುತ್ಬಾದಲ್ಲಿ ಉದಾಹರಣೆಯಾಗಬಾರದು. ಅನ್ಯರ ಕೊರತೆಯನ್ನು ಮರೆಮಾಚುವುದು ನಮ್ಮ ಧರ್ಮ ಕಲಿಸಿದ ಶಿಷ್ಟಾಚಾರ.

ಎರಡನೆಯದಾಗಿ, ಕಾನೂನಿನ ನೆರವು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೂ ಬಂಧನದಲ್ಲಿರುವವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಅರ್ಜಿ ಕೊಡುವುದು, ವಕೀಲರಿಗೆ 39 ಮತ್ತು 64ಎ ಸೆಕ್ಷನ್‌ಗಳನ್ನು ನೆನಪಿಸುವುದು ಕಷ್ಟದ ಕೆಲಸವಲ್ಲ. ಚಿಕಿತ್ಸೆಗೆ ಎಲ್ಲಿ ಸೇರಿಸಬಹುದೆಂದು ತಿಳಿಯಲು ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446 ಇದೆ, ಮಾನಸಿಕ ಆರೋಗ್ಯಕ್ಕಾಗಿ ಟೆಲಿ ಮಾನಸ್ 14416 ಇದೆ. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮನೋವೈದ್ಯರನ್ನು ಕಾಣುವುದು ಅಲ್ಲಿಂದ ಮುಂದಿನ ಹೆಜ್ಜೆ.

ಮೂರನೆಯದಾಗಿ, ಝಕಾತ್. ತೌಬಾ ಅಧ್ಯಾಯದ 60ನೇ ವಚನ ಝಕಾತ್‌ಗೆ ಎಂಟು ಹಕ್ಕುದಾರರನ್ನು ಗುರುತಿಸಿದೆ. ಬಂಧನದಿಂದ ಕೊರಳು ಬಿಡಿಸುವ ಬಾಬ್ತು ಮೂಲತಃ ಗುಲಾಮರಿಗೆ ಸಂಬಂಧಿಸಿದ್ದು. ಅದು ಇಂದಿನ ಬಂದಿಗಳಿಗೂ ಅನ್ವಯಿಸುತ್ತದೆಯೇ ಎಂಬುದರಲ್ಲಿ ವಿದ್ವಾಂಸರ ಅಭಿಪ್ರಾಯಗಳು ಬೇರೆ ಬೇರೆ ಇವೆ. ಆ ಚರ್ಚೆ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಬಿಡುಗಡೆಯಾಗಿ ಬರಿಗೈಯಲ್ಲಿ ನಿಂತ ಹೆಣ್ಣು ಬಡವರ, ನಿರ್ಗತಿಕರ ಬಾಬ್ತಿನಲ್ಲಿ ಬಂದೇ ಬರುತ್ತಾಳೆ. ಸಾಲದಲ್ಲಿ ಮುಳುಗಿದ್ದರೆ ಸಾಲಗಾರರ ಬಾಬ್ತಿದೆ. ಮೂರು ತಿಂಗಳ ಬಾಡಿಗೆ, ಮಕ್ಕಳ ಶಾಲೆಯ ಖರ್ಚು, ಒಂದು ಹೊಲಿಗೆ ಯಂತ್ರ, ತಪಾಸಣೆಗೆ ಬೆಂಗಳೂರಿಗೆ ಹೋಗಿಬರುವ ರೈಲಿನ ಟಿಕೆಟ್, ಇಷ್ಟನ್ನು ಭರಿಸುವ ಶಕ್ತಿ ನಮ್ಮ ಊರುಗಳ ಬೈತುಲ್ ಮಾಲ್‌ಗಳಿಗೆ ಇಲ್ಲವೇ?

ನಾಲ್ಕನೆಯದಾಗಿ, ಉಳಿಯುವ ಜಾಗ. ಕುಟುಂಬದ ಆಸರೆಯಿಲ್ಲದೆ ಜೈಲಿನಿಂದ ಬಂದ ಹೆಂಗಸರಿಗೆ ಸರ್ಕಾರದ ಸ್ವಾಧಾರ ಗೃಹಗಳಲ್ಲಿ ಅವಕಾಶವಿತ್ತು. ಅವು ಈಗ ಶಕ್ತಿ ಸದನಗಳಾಗಿವೆ. ಊರಿನಲ್ಲೇ ನಂಬಿಕಸ್ಥ ವಿಧವೆಯೊಬ್ಬರ ಮನೆಯಲ್ಲಿ ಮೊದಲ ಕೆಲವು ವಾರ ಇರಿಸುವ ಏರ್ಪಾಡೂ ಆಗಬಹುದು. ಆ ದಿನಗಳಲ್ಲಿ ಪ್ರತಿ ಸಂಜೆ ತಂಡದ ಒಬ್ಬರಾದರೂ ಆಕೆಯೊಡನೆ ಕುಳಿತು ಚಹಾ ಕುಡಿಯಲಿ. ವೈದ್ಯರು ಬರೆದ ಔಷಧಿಯನ್ನು ಇದೂ ಒಂದು ನಶೆಯೆಂದು ನಿಲ್ಲಿಸುವುದು ಬೇಡ. ರಮಝಾನಿನಲ್ಲಿ ಔಷಧಿಯ ಸಮಯದ ಬಗ್ಗೆ ವೈದ್ಯರನ್ನೂ ಆಲಿಮರನ್ನೂ ಕೇಳಿ ನಿರ್ಧರಿಸಲಿ. ರೋಗಿಗೆ ಇರುವ ರಿಯಾಯಿತಿ ಆಕೆಗೂ ಇದೆ.

ಈ ವಿಷಯದಲ್ಲಿ ನೆರೆಯವರಿಂದ ಕಲಿಯಲು ನಾಚಿಕೆಪಡಬೇಕಾಗಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ರಾಜ್ಯದ ಊರೂರಿನಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಸೇರಿಸಿ ಸಂಪರ್ಕದಲ್ಲಿ ಇಟ್ಟುಕೊಳ್ಳುತ್ತಾರೆ. ಶಿಬಿರಕ್ಕಿಂತ ಆ ನಂತರದ ಒಡನಾಟವೇ ದೊಡ್ಡದೆಂದು ಅವರು ಅರಿತಿದ್ದಾರೆ. ಇದರ ಪ್ರಯೋಜನ ಪಡೆದವರಲ್ಲಿ ಬಹುಪಾಲು ಗಂಡಸರು. ಹೆಂಗಸರಿಗಾಗಿ ಅಂಥದೊಂದು ಒಡನಾಟವನ್ನು ನಾವು ಕಟ್ಟಿದರೆ ಅದರ ಬಾಗಿಲು ಎಲ್ಲ ಸಮುದಾಯದ ಹೆಂಗಸರಿಗೂ ತೆರೆದಿರಲಿ.

ಕೇಳಿಬರುವ ಆಕ್ಷೇಪಗಳು

ಇದರಿಂದ ತಪ್ಪಿಗೆ ಕುಮ್ಮಕ್ಕು ಕೊಟ್ಟಂತಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಶಿಕ್ಷೆ ಅನುಭವಿಸಿ ಬಂದವಳಿಗೆ ಮನೆ ಕೊಡಿಸಿದರೆ ಇನ್ನೊಬ್ಬಳು ಅದನ್ನು ನೋಡಿ ಚಟಕ್ಕೆ ಬೀಳುತ್ತಾಳೆಯೇ? ಹೆಣ್ಣುಮಕ್ಕಳು ಹೆದರುವುದು ಜೈಲಿಗಿಂತ ಹೆಚ್ಚಾಗಿ ನಮ್ಮ ನಾಲಿಗೆಗೆ. ಆ ಹೆದರಿಕೆಯಿಂದ ಚಟ ನಿಂತಿಲ್ಲ, ಚಿಕಿತ್ಸೆ ಮಾತ್ರ ನಿಂತಿದೆ.

ಜಾಮೀನಿಗೆ ಸಹಿ ಹಾಕಿ ನಾವೇ ತೊಂದರೆಗೆ ಸಿಲುಕಿದರೆ ಎಂಬ ಅಂಜಿಕೆಯೂ ಸಹಜ. ಜಾಮೀನುದಾರರು ಅಪರಾಧದ ಹೊಣೆ ಹೊರುವುದಿಲ್ಲ. ಆಕೆ ವಿಚಾರಣೆಗೆ ಹಾಜರಾಗುವಳೆಂದು ಭರವಸೆ ಕೊಡುತ್ತಾರೆ, ಹಾಜರಾಗದಿದ್ದರೆ ಬರೆದುಕೊಟ್ಟ ಮೊತ್ತಕ್ಕೆ ಹೊಣೆಯಾಗುತ್ತಾರೆ. ಒಬ್ಬರೇ ಹೊರಲು ಭಯವಾದರೆ ಆ ಮೊತ್ತದ ಭಾರವನ್ನು ಜಮಾಅತ್ ಹಂಚಿಕೊಳ್ಳಲಿ. ಮಾರಾಟದ ಜಾಲ ನಡೆಸುವವರ ಪ್ರಶ್ನೆ ಬೇರೆ. ಅವರನ್ನು ಕಾನೂನಿನ ಕೈಗೆ ಬಿಡಬೇಕು, ಅವರಿಂದ ದೇಣಿಗೆಯನ್ನೂ ಪಡೆಯಬಾರದು.

ನಮ್ಮ ಮೊಹಲ್ಲಾದಲ್ಲಿ ಅಂಥವರು ಯಾರೂ ಇಲ್ಲ ಎಂಬುದು ಕೊನೆಯ ಉತ್ತರ. ಇಲ್ಲದಿದ್ದರೆ ಅಲ್ಲಾಹನಿಗೆ ಸ್ತುತಿ. ಆದರೆ ಹಾಗೆ ಹೇಳುವ ಮೊದಲು ಊರಿನ ಔಷಧಿ ಅಂಗಡಿಯವರನ್ನು, ಆಶಾ ಕಾರ್ಯಕರ್ತೆಯನ್ನು, ಹೆರಿಗೆ ಆಸ್ಪತ್ರೆಯ ದಾದಿಯನ್ನು ಹೆಸರು ಕೇಳದೆ ಒಮ್ಮೆ ವಿಚಾರಿಸಿ ನೋಡಲಿ.

ಮುಂದಿನ ರಮಝಾನಿನ ಝಕಾತ್ ಲೆಕ್ಕಕ್ಕೆ ಕುಳಿತುಕೊಳ್ಳುವಾಗ ಅರಸೀಕೆರೆ, ಬೇಲೂರು, ಹಳೇಬೀಡಿನ ಸಮಿತಿಗಳು ಈ ಬಾಬ್ತಿಗೆ ಒಂದು ಸಾಲು ಬರೆದುಕೊಳ್ಳಲಿ. ಆ ಸಾಲಿನೆದುರು ಮೊದಲ ವರ್ಷ ಒಬ್ಬಳೇ ಹೆಣ್ಣುಮಗಳ ಖರ್ಚು ಬಂದರೂ ಸಾಕು. ಆಕೆ ಜೈಲಿನಿಂದ ಹೊರಬರುವ ದಿನ ಗೇಟಿನ ಹೊರಗೆ ತಂಡದ ಇಬ್ಬರು ಹೆಂಗಸರು ಒಂದು ಜೊತೆ ಹೊಸ ಬಟ್ಟೆ ಹಿಡಿದು ಕಾದಿರಲಿ. ಅಲ್ಲಾಹನು ನಮಗೆ ಅದರ ಸೌಭಾಗ್ಯ ನೀಡಲಿ.